ತಿದ್ದುಪಡಿ ಹದಿಮೂರು

ಈರೇಶನ ಮದುವೆಯ ಬಯೋಡಾಟಾದ ಬುಡದಲ್ಲಿ ಇರುವೆ ಸಾಲಿನಂಥ ಸಣ್ಣ ಅಕ್ಷರಗಳು ಇಂದೇ ಅವನ ಕಣ್ಣಿಗೆ ಬಿದ್ದವು: 'ತಿದ್ದುಪಡಿ ೯. ಇಂದು, ಬೆಳಿಗ್ಗೆ ೯.೧೦.'

"ಇದನ್ಯಾರು ಬರಿ ಅಂದ್ರೋ ಮಲ್ಲೇಶ?"

ಹಳಿಯಾಳದಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟ ಮಲ್ಲೇಶ ಮೀಸೆಯಲ್ಲೇ ನಕ್ಕ. "ನಾ ಬರದಿಲ್ಲೋ ಮಾರಾಯ, ತಾನ ಬರಕೊಳ್ತತಿ. ಯಾವದು ಹಳೇದು, ಯಾವದು ಹೊಸಾದು ಅಂತ ಗಿರಾಕಿ ದಿನಾ ಜಗಳಾ ತಗೀತಿದ್ರು. ಈಗ ಫೈಲ್ ಸೇವ್ ಆತು ಅಂದ್ರ ನಂಬರ್ ಬಿತ್ತು."

ಒಂಬತ್ತು ಸಲ ತಿದ್ದಿಸಿದ ಪುಣ್ಯಾತ್ಮ, ನೆರೆಮನೆಯ ಚನಬಸಪ್ಪ, ಪಕ್ಕದಲ್ಲೇ ಎಲೆಅಡಿಕೆ ಜಗಿಯುತ್ತಿದ್ದ. "ಮೂವತ್ನಾಕು ಅಂದ್ರ ಕನ್ಯಾ ಯಾರ್ ಕೊಡ್ತಾರಲೇ?" ಎಂದು ವಯಸ್ಸನ್ನು ಇಪ್ಪತ್ತೊಂಬತ್ತಕ್ಕೆ ಇಳಿಸಿದವನೂ, ಪಂಪ್ ರಿಪೇರಿಯವನನ್ನು 'ನೀರಾವರಿ ಎಂಜಿನಿಯರ್' ಮಾಡಿದವನೂ ಅವನೇ.

"ಒಂಬತ್ತು ಸಲ ಏನ್ ತಿದ್ದೀರಿ ಅಂತ ಬೀಗರು ಕೇಳೂದಿಲ್ಲೇನು? ಅಳಸು!" ಎಂದು ಈರೇಶ ಚೀರಿದ.

ಮಲ್ಲೇಶ ಅಳಿಸಿ ಸೇವ್ ಮಾಡಿದ. ಸಾಲು ಎದ್ದು ಕೂತಿತು: ತಿದ್ದುಪಡಿ ೧೦. ಮತ್ತೆ ಅಳಿಸಿದ, ೧೧. ಅಕ್ಷರದ ಬಣ್ಣ ಬಿಳಿ ಮಾಡಿದ. ೧೨ ಕರ್ರಗೆ ಬಂತು. ಅಟ್ಟಿದಷ್ಟೂ ಅದೇ ಹೊಲಕ್ಕೆ ನುಗ್ಗುವ ತುಡುಗು ಎಮ್ಮೆ. ಈರೇಶನಿಗೆ ತಲೆ ಗಿರ್ರೆಂದಿತು. ಅಳಿಸಿದರೆ ಕಡಿಮೆಯಾಗಬೇಕು, ಏರುವುದೆಂದರೆ ಯಾವ ನ್ಯಾಯ?

ಕೊನೆಗೆ ಚನಬಸಪ್ಪ ಕತ್ತರಿಯಿಂದ ಹಾಳೆಯ ಬುಡವನ್ನೇ ಹಾರಿಸಿದ. "ಹೋಗೂಣು ನಡಿ, ಬಸ್ ಬಂತು."

ಮುಂಡಗೋಡದಲ್ಲಿ ಹೆಣ್ಣಿನ ತಂದೆ ಶಿವಲಿಂಗಪ್ಪ ಆ ಮೋಟು ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿದರು. ಅಷ್ಟರಲ್ಲಿ ಮಗಳು ದಾನೇಶ್ವರಿ ಒಳಗಿನಿಂದ ಇನ್ನೊಂದು ಹಾಳೆ ತಂದಳು. ಹೋದ ತಿಂಗಳು ಈರೇಶನ ಅವ್ವ ಅವನಿಗೂ ಹೇಳದೆ ಕಳಿಸಿಕೊಟ್ಟಿದ್ದು. ಬುಡದಲ್ಲಿ: ತಿದ್ದುಪಡಿ ೦.

"ಅಪ್ಪಾ, ನಾ ಒಪ್ಪಿದ್ದು ಈ ಪಂಪ್ ರಿಪೇರಿಯವ್ರನ್ನ. ಮೂವತ್ನಾಕು ಅಂತ ಖರೇ ಬರದಾರಂತ ಒಪ್ಪಿದ್ನಿ. ಈ ಎಂಜಿನಿಯರ್ ಯಾರು?"

"ರಿಪೇರಿಯವ ನಾನ ರೀ!" ಈರೇಶ ಜಿಗಿದೆದ್ದ. "ಎಂಜಿನಿಯರ್ ಸುಳ್ಳ ರೀ!"

"ಎರಡರಾಗ ಖರೇ ಯಾವದು ಅಂತ ಅಂಗಡಿಯವನ್ನ ಕೇಳೂಣು," ಎಂದರು ಶಿವಲಿಂಗಪ್ಪ.

ಈರೇಶ ಫೋನಿನಲ್ಲೇ ಅತ್ತ. "ಮಲ್ಲೇಶಾ, ಮೊದಲಿಂದು ಹೆಂಗಿತ್ತೋ ಹಂಗ ಮಾಡಿ ಯಜಮಾನರ ಮೊಬೈಲಿಗೆ ಕಳಸೋ! ಒಂದಕ್ಷರಾ ಹೆಚ್ಚುಕಮ್ಮಿ ಆಗಬಾರ್ದು!"

ಮೊಬೈಲ್ ಟಿಂಗ್ ಎಂದಿತು. ವಯಸ್ಸು ಮೂವತ್ನಾಲ್ಕು. ಪಂಪ್ ರಿಪೇರಿ. ಶಿವಲಿಂಗಪ್ಪನವರ ಮುಖ ಅರಳಿತು. ಬೆರಳು ಕೆಳಗೆ ಜಾರಿತು.

'ತಿದ್ದುಪಡಿ ೧೩. ಇಂದು, ಸಂಜೆ ೪.೪೦.'

ಅವರು ಗೋಡೆಯ ಗಡಿಯಾರ ನೋಡಿದರು. ನಾಲ್ಕು ನಲವತ್ತೊಂದು.

"ನಮ್ಮ ಮನ್ಯಾಗ ಕೂತ ತಿದ್ದಿಸಿದ್ರಿ, ಹೌದಿಲ್ರಿ?" ಎಂದರು.

ದಾನೇಶ್ವರಿ ಈರೇಶನ ಮುಂದಿನ ಅವಲಕ್ಕಿ ತಟ್ಟೆ ಎತ್ತಿಕೊಂಡಳು. "ಹದಿನಾಕನೇದರಾಗ ನಿಮಗ ಎಷ್ಟ ವಯಸ್ಸಾಗ್ತತ್ರಿ?"