ಒಂದು ಹೋಳಿಗೆಗೆ ಎಷ್ಟು ಸೊನ್ನೆ

ಮನೆಯಲ್ಲಿ ವಿಜ್ಞಾನ ಓದುವ ಮೊಮ್ಮಗಳೂ, ಹೋಳಿಗೆ ಮಾಡಿ ಎಣಿಸಿಡುವ ನಮ್ಮಾಕಿಯಂಥ ಹೆಂಡತಿಯೂ ಇದ್ದರೆ ನಗುವ ಪ್ರಸಂಗಗಳಿಗೆ ಬರವಿಲ್ಲ. ನನಗಂತೂ ಈ ವರ್ಷ ಸುಗ್ಗಿಯೇ ಆಯಿತು.

ಆಷಾಢದಲ್ಲಿ ನಮ್ಮ ಅಕ್ಕೋಳದ ಕಡೆಯಿಂದ ಪಂಢರಪುರಕ್ಕೆ ವಾರಕರಿ ಭಕ್ತರ ಕಾಲ್ನಡಿಗೆಯ ಮೇಳ, ದಿಂಡಿ, ಹೊರಡುತ್ತದೆ. ಕಬ್ಬು, ಎಮ್ಮೆ, ಮಕ್ಕಳ ಮದುವೆ ಅಂತ ನಾನು ಪ್ರತಿ ವರ್ಷ ಮುಂದಕ್ಕೆ ಹಾಕುತ್ತ ಬಂದವನು. ಈ ಸಲ ನಡೆದೇ ಹೋಗಿ ವಿಠ್ಠಲನ ಪಾದಕ್ಕೆ ಹಣೆ ಹಚ್ಚುತ್ತೇನೆಂದು ಹರಕೆ ಹೊತ್ತೆ. ನಿಪ್ಪಾಣಿಯ ಡಾಕ್ಟರು ಮೊಣಕಾಲು ಒತ್ತಿ ನೋಡಿ, ಮೊದಲು ಐದು ಕಿಲೋ ಇಳಿಯಬೇಕು, ಆಮೇಲೆ ಪಂಢರಪುರ ಅಂದರು.

೧. ಜಮಾ ಇದ್ದ ಕರೆಂಟು

ಐದು ಕಿಲೋ ಕೊಬ್ಬು ಅಂದರೆ ಎಷ್ಟು ಶಕ್ತಿ ಎಂದು ಮೊಮ್ಮಗಳನ್ನು ಕೇಳಿದೆ. ಆಕೆ ಏನೇನೋ ಗುಣಿಸಿ ಭಾಗಿಸಿ, "ಅಜ್ಜಾ, ನಿನ್ನ ಮೈಯಾಗ ನಲವತ್ತೈದು ಯೂನಿಟ್ ಕರೆಂಟ್ ಜಮಾ ಐತಿ" ಅಂದಳು.

ನಮ್ಮಾಕಿ ಅಕ್ಕಿ ಆರಿಸುತ್ತಿದ್ದವಳು ತಲೆ ಎತ್ತಲಿಲ್ಲ. "ಹಂಗಾರ ನಿಮ್ಮಜ್ಜಗ ಒಂದ್ ವಾಯರ್ ಹಚ್ಚವಾ. ಒಂದ್ ತಿಂಗಳು ಮನಿ ನಡಿತೈತಿ."

೨. ಸೊನ್ನೆಗಳ ಸಾಲು

ಮುಂದೊಂದು ದಿನ ಊಟಕ್ಕೆ ಕೂತಾಗ ಮೊಮ್ಮಗಳು ಎಲೆಕ್ಟ್ರಾನ್ ವೋಲ್ಟ್ ಲೆಕ್ಕ ಮಾಡುತ್ತಿದ್ದಳು. ಅಣುವಿನೊಳಗಿನ ಕಣದ ಶಕ್ತಿ ಅಳೆಯುವ ಮಾಪಂತೆ, ಸಾಸಿವೆ ಅದರ ಮುಂದೆ ಗುಡ್ಡ. ಬುದ್ಧಿ ಕೆಟ್ಟು, ನನ್ನ ತಾಟಿನ ಹೋಳಿಗೆಯನ್ನು ಅದರಲ್ಲಿ ಹೇಳು ಅಂದೆ. ಆಕೆ ಎಂಟು ಬರೆದು ಅದರ ಮುಂದೆ ಇಪ್ಪತ್ನಾಲ್ಕು ಸೊನ್ನೆ ಸಾಲಾಗಿ ಇಟ್ಟಳು.

ನಮ್ಮಾಕಿ ಬೆರಳಿಟ್ಟು ಸೊನ್ನೆ ಎಣಿಸಿದಳು. ನನ್ನ ತಾಟಿನಿಂದ ಎರಡನೇ ಹೋಳಿಗೆ ಎತ್ತಿ ಎಮ್ಮೆಗೆ ಹಾಕಿ ಬಂದಳು.

ಅದೇ ಹೋಳಿಗೆ ಕರೆಂಟಿನ ಲೆಕ್ಕದಲ್ಲಿ ಒಂದು ಯೂನಿಟ್ಟಿನ ಮೂರನೇ ಒಂದು ಪಾಲು ಅಷ್ಟೇ. ಅಂದಿನಿಂದ ನಾನು ಹೆಂಡತಿಯ ಎದುರು ದೊಡ್ಡ ಮಾಪಿನಲ್ಲಿಯೇ ಮಾತಾಡುತ್ತೇನೆ.

೩. ತಣ್ಣೀರಿನ ಉಪಾಯ

ಒಂದು ಗ್ರಾಂ ನೀರು ಒಂದು ಡಿಗ್ರಿ ಬಿಸಿಯಾಗಲು ಒಂದು ಕ್ಯಾಲರಿ ಬೇಕು ಎಂದು ಅವಳ ಪುಸ್ತಕದಲ್ಲಿ ಓದಿದೆ. ಊರ ಸಾಲಿಯಲ್ಲಿ ಕಲಿತ ಗುಣಾಕಾರ ನನಗೂ ಬರುತ್ತದೆ. ಪಾವು ಕಿಲೋ, ಅಂದರೆ ಇನ್ನೂರೈವತ್ತು ಗ್ರಾಂ ತೂಗುವ ಒಂದು ಗ್ಲಾಸು ಗಡಿಗೆಯ ನೀರು ಹೊಟ್ಟೆಯಲ್ಲಿ ಹದಿನೈದು ಡಿಗ್ರಿ ಬಿಸಿಯಾದರೆ ಮೂರು ಸಾವಿರದ ಏಳುನೂರಾ ಐವತ್ತು ಕ್ಯಾಲರಿ ಖರ್ಚು. ಒಂದು ಹೋಳಿಗೆ ಬರೀ ಮುನ್ನೂರು. ದೇವರ ದಯೆ ದೊಡ್ಡದು ಅಂದುಕೊಂಡು, ಕಾರಹುಣ್ಣಿಮೆಯಂದು ಹೆಂಡತಿ ಹಿತ್ತಿಲಿಗೆ ಹೋದಾಗ ನಾಲ್ಕು ಹೋಳಿಗೆ ತಿಂದು, ಎರಡು ಗ್ಲಾಸು ನೀರು ಕುಡಿದು ನಿಶ್ಚಿಂತನಾಗಿ ಕೂತೆ.

ಮೊಮ್ಮಗಳು ಲೆಕ್ಕ ನೋಡಿ ಹಣೆ ಬಡಿದುಕೊಂಡಳು. ಊಟದ ಕ್ಯಾಲರಿ ಅಂದರೆ ಅಂಥ ಸಾವಿರ ಸಣ್ಣ ಕ್ಯಾಲರಿಯಂತೆ. ನಾನು ಮೂರು ಸೊನ್ನೆ ನುಂಗಿದ್ದೆ. "ಅಜ್ಜಾ, ಒಂದ್ ಹೋಳಿಗಿಗೆ ಎಂಬತ್ತ್ ಗ್ಲಾಸ್ ನೀರ ಕುಡೀಬೇಕ್."

"ನಾಲ್ಕಕ್ಕ ಕುಡಸೂದರಕಿಂತ ಬಾವ್ಯಾಗ ಇಳಿಸೂದು ಸಸಾರ" ಅಂತ ಹಿತ್ತಿಲಿನಿಂದ ದನಿ ಬಂತು.

೪. ಮೂರು ಸಲದ ಯಾತ್ರೆ

ದಿಂಡಿಗೆ ವಾರ ಉಳಿಯಿತು. ತಕ್ಕಡಿಯ ಮುಳ್ಳು ಮಾತ್ರ ಅಲುಗಲಿಲ್ಲ. ಮೊಮ್ಮಗಳಿಂದ ಒಂದು ಚೀಟಿ ಬರೆಸಿಕೊಂಡು ಡಾಕ್ಟರ ಎದುರು ಕೂತೆ.

"ಸಾಹೇಬ್ರ, ಐದು ಕಿಲೋ ಕರಗಾಕ ನಲವತ್ತೈದು ಯೂನಿಟ್ ಸುಡಬೇಕ್ರಿ. ಪಂಢರಪುರತನಕ ನಡದ್ರ ಹದಿನೈದ್ ಯೂನಿಟ್. ನೀವು ತೂಕ ಇಳಿಸಿ ಹೋಗ ಅಂತೀರಿ. ಲೆಕ್ಕ ಮೂರ್ ಸಲ ಹೋದ್ರ ತೂಕ ಇಳಿತೈತಿ ಅಂತೈತ್ರಿ."

ಡಾಕ್ಟರು ಚೀಟಿಯನ್ನು ಎರಡು ಸಲ ಓದಿ ನಕ್ಕರು. ಮೊಣಕಾಲಿಗೆ ಪಟ್ಟಿ, ಮೂರು ಥರದ ಗುಳಿಗೆ ಬರೆದು, ಸದ್ಯ ಒಂದು ಸಲ ಹೋಗಿ ಬರ್ರಿ ಅಂದರು.

ನಡೆದೆ. ವಿಠ್ಠಲನೇ ನಡೆಸಿದ. ಆದರೆ ದಾರಿಯ ಊರೂರಲ್ಲಿ ವಾರಕರಿಗಳ ಕೈ ಹಿಡಿದು ಕೂರಿಸುವವರೇ. ಒಂದು ಕಡೆ ಝುಣಕ-ಭಾಕರಿ, ಒಂದು ಕಡೆ ಶಿರಾ, ಇನ್ನೊಂದು ಕಡೆ ಬಾಳೆಹಣ್ಣು, ಬುಂದಿ. ಭಕ್ತಿಯಿಂದ ಕೊಟ್ಟದ್ದನ್ನು ಬೇಡ ಅನ್ನುವುದು ನಮ್ಮ ಮನೆತನದಲ್ಲಿಲ್ಲ. ದರ್ಶನವಾಯಿತು, ಕಣ್ಣು ತುಂಬಿ ಬಂತು, ಹರಕೆ ತೀರಿತು.

ಬಂದ ಮೇಲೆ ಡಾಕ್ಟರು ತಕ್ಕಡಿ ಹತ್ತಿಸಿದರು. ಎರಡು ಕಿಲೋ ಏರಿತ್ತು. ಅವರು ನನ್ನ ಹಳೇ ಚೀಟಿಯನ್ನು ಟೇಬಲ್ಲಿನ ಖಾನೆಯಿಂದ ತೆಗೆದು ಮೆಲ್ಲಗೆ ಮಡಚಿ ಕೈಗೆ ಕೊಟ್ಟರು.

"ಅಜ್ಜಾರ, ಉಳಿದ ಎರಡ್ ಸಲ ಬ್ಯಾಡ್ರಿ. ಮೂರನೇದಕ್ಕ ನಿಮ್ಮನ್ನ ಕಬ್ಬಿನ ಟ್ರಾಲಿ ಒಳಗ ಹೇರಿಕೊಂಡ ಬರಬೇಕಾಗ್ತೈತಿ."