ಕರೀ ಸ್ಕ್ರೀನು ಮತ್ತ ನನ್ನ ಮೂರು ನೌಕರಿ

ಮಂದಿ ನೌಕರಿ ಕಳವು ಮಾಡಿದ್ರ ಹೋಗತಾವು, ಮಾಲಕರ ಜೋಡಿ ಜಗಳಾ ತಗದ್ರ ಹೋಗತಾವು. ನನ್ನ ನೌಕರಿ ಮಾತ್ರ ಬಣ್ಣದ ಸಲುವಾಗಿ ಹೋಗತಾವು. ಒಮ್ಮೆ ಆಗಿದ್ರ ನಸೀಬ ಅಂತ ಸುಮ್ಮನಿರತಿದ್ದೆ. ಎರಡ ಸಲ ಆತು, ಮೂರನೇದ್ದು ಇನ್ನೇನ ಆಗೇಬಿಡತಿತ್ತು. ಇಂಥಾವು ಊರೆಲ್ಲಾ ಬಿಟ್ಟು ನನ್ನನ್ನ ಹುಡಿಕ್ಕೊಂಡ ಬರತಾವು.

ನಂದು ಹುಟ್ಟಾ ಅಂಜುಬುರುಕ ಜೀವ. ಬಸ್ಸಿನ್ಯಾಗ ಟಿಕೀಟ ತಗೊಂಡ ಮ್ಯಾಲೂ ಇಳಿಯೂತನಾ ನಾಕ ಸಲ ಕಿಸೆ ಮುಟ್ಟಿ ನೋಡ್ಕೊಳ್ಳಾಂವ. ಮನಿ ಘಟಪ್ರಭಾದಾಗ, ಕೆಲಸ ಕಂಪ್ಯೂಟರ ಮ್ಯಾಲ ಟೈಪ ಮಾಡೂದು. ಹದಿನೈದು ವರ್ಷ ಬಿಳೇ ಸ್ಕ್ರೀನ ನೋಡಿ ನೋಡಿ ಕಣ್ಣ ಸೋತುವು. ಮಧ್ಯಾಹ್ನ ಆತಂದ್ರ ಎಡಗಣ್ಣಿನ ಹಿಂದ ಯಾರೋ ಮೊಳಿ ಬಡದಂಗ ಆಗಿ, ಅಕ್ಷರೆಲ್ಲಾ ಇರವಿ ಹರದಂಗ ಹರೀತಿದ್ವು. ಕಣ್ಣಿನ ಡಾಕ್ಟರ್ರು ಬ್ಯಾಟರಿ ಬಿಟ್ಟ ನೋಡಿ, "ಬಿಳೇ ಬೆಳಕ ನಿಮಗ ಆಗಿ ಬರೂದಿಲ್ಲ. ಸ್ಕ್ರೀನ ಕರೀದ ಮಾಡ್ಕೋರಿ, ಅಕ್ಷರ ಬಿಳೇವ ಇರ್ಲಿ. ಇಲ್ಲಂದ್ರ ಈ ಕೆಲಸ ಬಿಡ್ರಿ" ಅಂದ್ರು. ಬ್ಯಾರೆ ಕೆಲಸ ನನಗ ಬರೂದಿಲ್ಲ. ಕರೀದ ಮಾಡ್ಕೊಂಡೆ. ಕಣ್ಣಿಗೆ ತಂಪ ಆತು, ಬಾಳೇವಕ್ಕ ಬೆಂಕಿ ಬಿತ್ತು.

ಗೋಕಾಕ: ಲಗ್ನಪತ್ರಿಕಿ

ಹಿಂಗ ಹೋದ ಮೊದಲನೇ ನೌಕರಿ ಗೋಕಾಕದಾಗ, ಒಂದು ಪ್ರೆಸ್ಸಿನ್ಯಾಗ. ನಮ್ಮ ಕಡೆ ಲಗ್ನಪತ್ರಿಕಿ ಅಂದ್ರ ಒಬ್ಬರು ಬಂದ ನೋಡಿ ಹೋಗೂ ಕೆಲಸ ಅಲ್ಲ. ಅಚ್ಚಿಗೆ ಹೋಗೂಕ್ಕಿಂತ ಮೊದಲ ಮನಿ ಮಂದಿ ಎಲ್ಲಾ ಬರಬೇಕು, ಕಾಕಾನ ಹೆಸರು ಸೋದರಮಾವನ ಹೆಸರಿಗಿಂತ ಮ್ಯಾಲ ಐತೋ ಕೆಳಗೈತೋ ನೋಡಬೇಕು, ಅದರ ಸಲುವಾಗಿ ಒಂದು ಸಣ್ಣ ಜಗಳಾ ಆಗಬೇಕು, ಆಮ್ಯಾಲ ಹೂಂ ಅನಬೇಕು.

ಒಂದಿನ ಧುಪದಾಳದಿಂದ ಒಂದು ಮನಿತನ ಟಂಟಂ ಗಾಡಿ ತುಂಬ ಬಂತು. ಮದಿಮಗ, ಅವನ ಅಪ್ಪ, ಅವ್ವ, ಎಲ್ಲಾರಕಿಂತ ಮುಂದ ಅಜ್ಜಿ. ಅಜ್ಜಿ ಕೈಯಾಗ ಅರಿಷಿಣ ಕುಂಕುಮದ ಬಟ್ಟಲ, ಮೊದಲನೇ ಪತ್ರಿಕಿಗೆ ಹಚ್ಚಾಕ. ನಾ ಸ್ಕ್ರೀನ ತೋರಿಸಿದೆ. ಸುತ್ತೆಲ್ಲಾ ಕರೀದು, ನಡುವ ಮದಿಮಗನ ಫೋಟೋ, ಕೆಳಗ ಬಿಳೇ ಅಕ್ಷರದಾಗ ಅವನ ಹೆಸರು. ಅಜ್ಜಿಗೆ ಓದಾಕ ಬರೂದಿಲ್ಲ. ಫೋಟೋ ನೋಡಿದ್ದ ತಡ, ಬಟ್ಟಲ ಕೆಳಗಿಟ್ಟು, ಎದಿ ಬಡಕೊಂಡು, ರಾಗಾ ತಗದ ಅಳಾಕ ಶುರು ಮಾಡಿದ್ಲು.

"ಹೋದ್ಯಲ್ಲೋ ನನ್ನ ಕಂದಾ! ಬಾಸಿಂಗ ಕಟ್ಟೂಕ್ಕಿಂತ ಮೊದಲ ಹೋದ್ಯಲ್ಲೋ!"

ರಸ್ತಾದಾಗಿನ ಮಂದಿ ಕೂಡಿತು. ಯಾರೋ ಒಬ್ಬಾಂವ ಗುರುತ ಪರಿಚಯ ಇಲ್ಲದಾಂವ ಹೊರಗ ಚಪ್ಪಲ ಬಿಟ್ಟು ಒಳಗ ಬಂದು ಸ್ಕ್ರೀನಿಗೆ ಕೈ ಮುಗದ. ಪಾಪ, ಮದಿಮಗನೇ ಗಾಬರಿಯಾಗಿ ಅಜ್ಜಿ ಹೆಗಲ ಹಿಡದ ಅಲಗಾಡಿಸಿ, "ಅಜ್ಜೀ, ನಾ ಇಲ್ಲೇ ಅದೇನಿ, ಜೀವಂತ ಅದೇನಿ" ಅಂದ.

ಅಜ್ಜಿ ಅಳೂದ ನಿಂದ್ರಿಸಿ, ಅವನ್ನ ಅಂಗಾಲಿಂದ ನೆತ್ತಿತನಾ ನೋಡಿದ್ಲು. "ಅದೀ ಖರೆ. ಎಷ್ಟ ದಿನಾ ಅಂತ ಆ ಕಂಪ್ಯೂಟರಿಗೆ ಕೇಳು!"

ಮದಿಮಗ ಈಗ ಎರಡ ಮಕ್ಕಳ ಅಪ್ಪ ಆಗ್ಯಾನ. ಅವತ್ತ ಆ ಪ್ರೆಸ್ಸಿನಿಂದ ಕಾಯಂ ಹೋದಾಂವ ನಾ ಒಬ್ಬನ.

ಮೂಡಲಗಿ: ಉತಾರ

ಎರಡನೇದ್ದು ಮೂಡಲಗಿಯೊಳಗ. ಹೊಲದ ಉತಾರ, ಅಂದ್ರ ಪಹಣಿ, ತಗದ ಕೊಡೂದು, ಅರ್ಜಿ ತುಂಬೂದು, ಝೆರಾಕ್ಸ ಮಾಡೂದು, ಅಂಥಾ ಅಂಗಡಿ. ಇಲ್ಲಿ ಲಗ್ನ ಇಲ್ಲ, ಸಾವಿಲ್ಲ, ಬರೇ ಹೊಲದ ಕಾಗದಾ, ಇಲ್ಲಿ ಕರೀ ಬಣ್ಣಕ್ಕ ಯಾರ ಅಂಜತಾರ ಅಂತ ಮನಸಿಗೆ ಸಮಾಧಾನ ಮಾಡ್ಕೊಂಡೆ. ಮಾಡ್ಕೊಬಾರದಾಗಿತ್ತು.

ಕುರಿ ಮೇಸೂ ಮನಿತನದ ಕಾಕಾ ಒಬ್ಬಾಂವ ಬಂದ, ಹೆಗಲ ಮ್ಯಾಲ ಕಂಬಳಿ. ಸರ್ವೆ ನಂಬರ ಹೇಳಿದ, ನಾ ಉತಾರ ತಗದೆ. ಕಾಕಾ ಸ್ಕ್ರೀನಿಗೆ ಮಾರಿ ಹಚ್ಚಿ ನೋಡಿ, "ತಮ್ಮಾ, ಇದು ನನ್ನ ಹೊಲಾ ಅಲ್ಲ" ಅಂದ.

"ಹೆಸರ ನಿಮ್ಮದ ಐತಲ್ರಿ ಕಾಕಾ."

"ಹೆಸರ ನಂದ ಇರಬಹುದು. ಹೊಲಾ ನಂದಲ್ಲ. ನಂದು ಮಸಾರಿ, ಕೆಂಪ ಮಣ್ಣ. ನೀ ಎರಿ ಹೊಲಾ ತೋರಸಾಕತ್ತಿ. ನೋಡಿಲ್ಲಿ, ಹೆಂಗ ಕರ್ರಗ ಐತಿ!"

ಅದು ನನ್ನ ಕಣ್ಣಿನ ಸಲುವಾಗಿ ಮಾಡ್ಕೊಂಡದ್ದು, ಮಣ್ಣಿಗೂ ಅದಕ್ಕೂ ಸಂಬಂಧ ಇಲ್ಲ ಅಂತ ತಿಳಿಸಿ ಹೇಳಿದೆ. ತಿಳಿಲಿಲ್ಲ. ಪ್ರಿಂಟ ನೋಡಿದ್ರ ತಿಳೀತೈತಿ ಅಂತ ಪ್ರಿಂಟ ತಗದ ಕೈಯಾಗ ಕೊಟ್ಟೆ. ಬಿಳೇ ಹಾಳಿ ನೋಡಿ ಕಾಕಾ ತಲಿ ಮ್ಯಾಲ ಕೈ ಹೊತ್ತ. ನೀರ ಹೆಚ್ಚಾಗಿ, ಉಪ್ಪ ಒಡದು, ಬೆಳ್ಳಗಾಗಿ ಹಾಳಾದ ಹೊಲಕ್ಕ ನಮ್ಮ ಕಡೆ ಸವಳ ಅಂತಾರ.

"ಅಯ್ಯಯ್ಯೋ! ಈಗ ಸವಳ ಮಾಡಿದ್ಯಲ್ಲೋ ಮಾರಾಯಾ! ಇನ್ನ ಅದರಾಗ ಜ್ವಾಳಾನೂ ಬರೂದಿಲ್ಲ!"

ಹಿಂದ ಪಾಳಿ ಹಚ್ಚಿ ನಿಂತವರು ಇದೆಲ್ಲಾ ಕೇಳಿದ್ರು. ಎರಿ ಹೊಲಕ್ಕ ಮಸಾರಿಗಿಂತ ರೇಟ ಜಾಸ್ತಿ. ಒಬ್ಬಾಂವ ಮೆಲ್ಲಕ ಬಗ್ಗಿ, "ಸರ, ಇಲ್ಲಿ ಮಸಾರಿ ಹೊಲಾ ಎರಿ ಆಗತೈತೇನ್ರಿ? ನಂದೂ ಒಂದ ಕರೀದ ಮಾಡಿಬಿಡ್ರಿ" ಅಂದ. ಮರುದಿನ ಅಂಗಡಿ ಬಾಗಿಲಾ ತಗಿಯೂಕ್ಕಿಂತ ಮೊದಲ ಇಪ್ಪತ್ತ ಮಂದಿ ನಿಂತಿದ್ರು, ಎಲ್ಲಾರ್ದೂ ಮಸಾರಿ ಹೊಲಾ. ನನ್ನ ಕಣ್ಣ ಮುಂದ ಹೊಲದ ಲೆಕ್ಕಾ ಇಡೂ ತಲಾಠಿ ಬಂದಂಗ, ಹಿಂದಿಂದ ತಹಶೀಲ್ದಾರ ಬಂದಂಗ, ನನ್ನ ಕೈಗೆ ಬೇಡಿ ಬಿದ್ದಂಗ ಆತು. ಮಾಲಕ ನನಗಿಂತ ಹೆಚ್ಚ ಅಂಜಿದ್ದ. "ಮಣ್ಣ ಬದಲಿ ಮಾಡೂ ಅಂಗಡಿ ಅಂತ ಹೆಸರ ಬಿತ್ತಂದ್ರ ನಾ ಜೇಲಿಗೆ ಹೋಗತೇನಿ. ಅದಕ್ಕಿಂತ ನೀವ ಮನೀಗೆ ಹೋಗ್ರಿ" ಅಂದ.

ಊಟದ ಡಬ್ಬಿ ಚೀಲದಾಗ ಹಾಕ್ಕೊಂಡ ಹೊರಗ ಬಂದ್ರ ಮುಂದ ಅದೇ ಕಾಕಾ. ನನ್ನ ಬಾಜೂಕ ಸರದು ಕಿವ್ಯಾಗ ಹೇಳಿದ: "ತಮ್ಮಾ, ಹೋಗೂದ ಹೋಗತಿ, ನಿನ್ನಿ ತೋರಿಸಿದ್ಯಲ್ಲಾ ಎರಿ ಹೊಲಾ, ಅದನ್ನ ಒಮ್ಮೆ ತಗದ ಕೊಟ್ಟ ಹೋಗಪಾ. ನಿನ್ನಿ ನನಗ ಗುರುತ ಸಿಗಲಿಲ್ಲ. ಅದು ನಂದ ಐತಿ."

ಹುಕ್ಕೇರಿ: ಫ್ಯಾನು

ಮನ್ಯಾಗ ಹೆಂಡ್ತಿ ಬೈಲಿಲ್ಲ. ಬೈದಿದ್ರ ಚಲೋ ಇತ್ತು. ಆಕಿ ರೊಟ್ಟಿ ಬಡಕೋತ ಸಾವಕಾಶ ಹೇಳಿದ್ಲು: "ಗೋಕಾಕ ಹೋತು, ಮೂಡಲಗಿ ಹೋತು. ದಿನಾ ಬಸ್ಸಿಗೆ ಹೋಗಿ ಬರೂವಂಥಾ ಊರು ಇನ್ನ ಹುಕ್ಕೇರಿ ಒಂದ ಉಳದೈತ್ರಿ. ಅದೂ ಹೋತಂದ್ರ ಮಹಾರಾಷ್ಟ್ರನ ಗತಿ. ನಿಮಗ ಮರಾಠಿನೂ ಬರೂದಿಲ್ಲ. ಮಗಳದ್ದು ಈ ವರ್ಷ ಹತ್ತನೇ ಕ್ಲಾಸ ಐತಿ, ನೆಪ್ಪಿರ್ಲಿ."

ನೆಪ್ಪಿಡದೇ ಏನ ಮಾಡ್ಲಿ? ಮರುದಿನ ಮುಂಜಾನಿ ಹುಕ್ಕೇರಿ ಬಸ್ಸ ಹತ್ತಿದೆ.

ಹುಕ್ಕೇರಿಯೊಳಗ ಒಂದು ಪ್ರೆಸ್ಸಿನ್ಯಾಗ ಕೆಲಸ ಸಿಕ್ತು. ಜೈನರ ಮನಿತನ, ಕೆಳಗ ಅಂಗಡಿ, ಮ್ಯಾಲ ಮನಿ. ಮಾಲಕರು ಗಿರಾಕಿ ಜೋಡಿ ಕನ್ನಡ ಮಾತಾಡತಾರ, ಸಿಟ್ಟ ಬಂದ್ರ ಮರಾಠಿಗೆ ಹೋಗತಾರ. ನನ್ನ ಮುಂದ ದಿನಕ್ಕ ಮೂರ ಸಲ ಮರಾಠಿಗೆ ಹೋಗತಿದ್ರು. ಹಂಗಾಗಿ ಕಣ್ಣಿನ ವಿಷಯ ಎತ್ತಲೇ ಇಲ್ಲ, ಬಿಳೇ ಸ್ಕ್ರೀನ ಮುಂದ ಹಲ್ಲ ಕಚ್ಚಿ ಕುಂದರತಿದ್ದೆ.

ಒಂದ ಸಂತಿ ದಿನ ಮಾಲಕರು ಬೆಳಗಾವಿಗೆ ಹೋಗಿದ್ರು. ಇವತ್ತಾದ್ರೂ ಕಣ್ಣಿಗೆ ತಂಪ ಆಗಲಿ ಅಂತ ಸ್ಕ್ರೀನ ಕರೀದ ಮಾಡಿದೆ. ಬೆಲ್ಲದ ಬಾಗೇವಾಡಿಯಿಂದ ಬಂದ ರೈತರೊಬ್ಬರು ಬಾಗಲದಾಗ ನಿಂತ ಇಣಿಕಿ ನೋಡಿ, "ಇಲ್ಲಿ ಕರೆಂಟ ಹೋಗೈತಿ, ನಡಿ" ಅಂತ ಹೆಂಡ್ತೀನ ಕರಕೊಂಡ ಎದುರಿನ ಅಂಗಡಿಗೆ ಹೊಂಟ್ರು. ಅವರನ್ನ ನೋಡಿ ಹಿಂದಿನವರು ಹೋದ್ರು. ಸಂತಿ ದಿನದ ಗಿರಾಕಿ ಪೂರಾ ಹೋತಂದ್ರ ಸಂಜಿಕೆ ಮಾಲಕರಿಗೆ ಏನ ಹೇಳ್ಲಿ? ಓಡಿ ಹೋಗಿ ಆ ರೈತರ ಕೈ ಹಿಡದ ಒಳಗ ಎಳಕೊಂಡ ಬಂದೆ.

"ಕರೆಂಟ ಐತ್ರಿ ಯಪ್ಪಾ! ಮ್ಯಾಲ ನೋಡ್ರಿ, ಫ್ಯಾನ ತಿರಗಾಕತ್ತೈತಿ!"

ಅವರು ಫ್ಯಾನ ನೋಡಿದ್ರು, ತಗದಿದ್ದ ಬಾಗಿಲಾ ನೋಡಿದ್ರು, ನನ್ನ ನೋಡಿದ್ರು. "ಗಾಳಿಗೆ ತಿರಗತೈತಿ ಬಿಡ್ರಿ."

ಹುಕ್ಕೇರಿ: ಕಾಗದಾ

ಆಮ್ಯಾಲ ಒಂದ ಯುಕ್ತಿ ಮಾಡಿದೆ. ಮಾಲಕರು ಇಲ್ಲದಾಗ ಕರೀದು, ಅವರ ಚಪ್ಪಲ ಸಪ್ಪಳಾ ಕೇಳಿದ ಕೂಡ್ಲೆ ಒಂದ ಬಟನ್ ಒತ್ತಿ ಕರೀ ಹಾಳಿ ಮುಚ್ಚಿ ಬಿಳೇ ಹಾಳಿ ಮುಂದ ತರೂದು. ಕಣ್ಣಿನ ಬ್ಯಾನಿ ಕಡಿಮಿ ಆತು, ಎದಿ ಬಡಿತಾ ಹೆಚ್ಚಾತು. ಚಪ್ಪಲ ಯಾರದ ಸಪ್ಪಳಾ ಮಾಡಿದ್ರೂ ಕೈ ಬಟನ್ ಮ್ಯಾಲ. ಒಮ್ಮೆ ಬಸ್ಸಿನ್ಯಾಗ ಯಾರೋ ಚಪ್ಪಲ ಎಳಕೋತ ಬಂದ್ರು, ನಾ ಬಾಜೂದವರ ಮೊಣಕಾಲ ಒತ್ತಿಬಿಟ್ಟೆ.

ಹೆಂಡ್ತಿ, "ಹಿಂಗ ಅಂಜಿ ಅಂಜಿ ಸಾಯೂಕ್ಕಿಂತ ಖರೆ ಹೇಳಿಬಿಡ್ರಿ. ಬಾಯಿಂದ ಆಗಲಿಕ್ಕಂದ್ರ ಬರದ ಕೊಡ್ರಿ" ಅಂದ್ಲು. ಆತು ಅಂತ ಬಿಡುವಿನ್ಯಾಗ ಮಾಲಕರಿಗೆ ಒಂದು ಕಾಗದಾ ಟೈಪ ಮಾಡಾಕ ಹತ್ತಿದೆ. ಮೊದಲ ಮನಸಿನ್ಯಾಗಿದ್ದದ್ದೆಲ್ಲಾ ಬರಿಯೂಣು, ಆಮ್ಯಾಲ ಕೊಡಬಾರದ್ದೆಲ್ಲಾ ತಗದ ಹಾಕೂಣು ಅಂತ ವಿಚಾರ. ಹದಿನೈದ ದಿನ ಬರದೆ. ತಗದ ಹಾಕೂ ದಿನ ಮಾತ್ರ ಬರಲೇ ಇಲ್ಲ.

ಅಷ್ಟರಾಗ ಮಾಲಕರ ತಾಯಿ ಅಂಗಡಿಗೆ ಬಂದ ಕುಂದರಾಕ ಶುರು ಮಾಡಿದ್ರು. ಎಲ್ಲಾರೂ ಅವರಿಗೆ ಆಯಿ ಅಂತಿದ್ರು. ಕಣ್ಣಿನ ಪೊರಿ ತಗಿಸಿದ್ರು, ಬೆಳಕ ತಡಿಯೂದಿಲ್ಲಂತ ಕರೀ ಚಷ್ಮಾ. ಸ್ಕ್ರೀನಿನ ವಿಷಯದಾಗ ನನಗ ಆಯೀದ ಅಂಜಿಕಿ ಇರಲಿಲ್ಲ, ಅವರಿಗೆ ಏನ ಕಾಣತೈತಿ ಅಂದ್ಕೊಂಡಿದ್ದೆ.

ಒಂದಿನ ಮಾಲಕರು ಬರಿಗಾಲಲೆ ಬಂದ್ರು. ಬಟನ್ ಒತ್ತೂದ ಒಂದ ಕ್ಷಣ ತಡ ಆತು.

"ನಾ ಬಂದ ಕೂಡ್ಲೆ ಏನೋ ಮುಚ್ಚತೀರಿ. ತಿಂಗಳಾತು ನೋಡಾಕತ್ತೇನಿ" ಅಂದ್ರು, ನನಗ ಪೂರಾ ತಿಳೀಲಿ ಅಂತ ಕನ್ನಡದಾಗ. "ಇದು ಮರ್ಯಾದಸ್ತರ ಅಂಗಡಿ, ನಮ್ಮ ಆಯಿ ಇಲ್ಲೇ ಕುಂದರತಾಳ. ಎಂಥಾ ಹೊಲಸ ನೋಡತೀರಿ, ತಗೀರಿ ಹೊರಗ!"

"ಬ್ಯಾಡ್ರಿ ಮಾಲಕರ, ಕೈ ಮುಗೀತೇನಿ" ಅಂದೆ. ಹಂಗ ಅಂದಿದ್ದಕ್ಕ ಸಂಶೆ ಖಾತ್ರಿ ಆತು. ಅವರೇ ಬಟನ್ ಒತ್ತಿದ್ರು. ಸ್ಕ್ರೀನ ಕರ್ರಗಾತು, ಅದರ ಮ್ಯಾಲ ದೊಡ್ಡ ದೊಡ್ಡ ಬಿಳೇ ಅಕ್ಷರದಾಗ ನನ್ನ ಕಾಗದಾ. ಮಾಲಕರು ಕುರ್ಚಿ ಎಳಕೊಂಡ ಕುಂತು, ಓದೂ ಚಷ್ಮಾಕ ಕಿಸೆ ತಡಕಾಡಿದ್ರು. ಇನ್ನ ಮಹಾರಾಷ್ಟ್ರ, ಇನ್ನ ಮರಾಠಿ ಕಲೀಬೇಕು, ಮಗಳ ಸಾಲಿ ಹೆಂಗ ಅಂತ ಲೆಕ್ಕಾ ಹಾಕಾಕ ಹತ್ತಿದೆ.

ಅಷ್ಟರಾಗ ಆಯಿ ಎದ್ದು ಬಂದ್ರು, ಕರೀ ಚಷ್ಮಾ ತಗದ್ರು, ಸ್ಕ್ರೀನ ಮುಂದ ಬಗ್ಗಿ ಸಾಲೀ ಹುಡುಗೀಗತೆ ಒಂದೊಂದ ಶಬ್ದ ಬಿಡಿಸಿ ಜೋರಾಗಿ ಓದಾಕ ಹತ್ತಿದ್ರು.

"ಮಾನ್ಯ ಮಾಲಕರಿಗೆ. ನನ್ನ ಕಣ್ಣಿಗೆ ಬಿಳಿ ಬೆಳಕು ಆಗುವುದಿಲ್ಲ. ಇದನ್ನು ಮುಚ್ಚಿಟ್ಟಿದ್ದು ನನ್ನ ತಪ್ಪು. ಈ ನೌಕರಿ ಹೋದರೆ ನನಗೆ ಬೇರೆ ಊರಿಲ್ಲ."

ಆಯಿ ದನಿ ಮೆತ್ತಗಾತು. ದೇವರೇ, ಇಲ್ಲಿಗೆ ನಿಂದ್ರಲಿ ಅಂದೆ. ನಿಂದ್ರಲಿಲ್ಲ.

"ಬಾಯಿಂದ ಹೇಳೋಣವೆಂದರೆ ಮಾಲಕರು ಬಹಳ ಸಿಟ್ಟಿನವರು. ಅವರ ತಾಯಿ, ಎಂಬತ್ತು ದಾಟಿದ ಮುದುಕಿ, ಅವರಿಗಿಂತ ಸಿಟ್ಟಿನವರು. ಆಕೆ ಕೆಮ್ಮಿದರೆ ಸಾಕು, ಮಾಲಕರು ಎದ್ದು ನಿಲ್ಲುತ್ತಾರೆ."

ಆಯಿ ಕೆಮ್ಮಿದ್ರು. ಮಾಲಕರು ಎದ್ದ ನಿಂತ್ರು.

ನಿಂತ ಮ್ಯಾಲ ಅವರಿಗೆ ತಿಳೀತು, ಮಾರಿ ಕೆಂಪಗಾತು. "ನಾಳಿಂದ ನೀವು..." ಅಂತ ನನ್ನ ಕಡೆ ತಿರಗಿದ್ರು. ಆಯಿ ಕೈ ಎತ್ತಿ ತಡದ್ರು.

"ನೀ ಸುಮ್ಮನಿರು. ಪೊರಿ ತಗಿಸಿದಾಗಿಂದ ನಾ ಒಂದ ಅಕ್ಷರಾ ಓದಿದ್ದಿಲ್ಲ. ಇವತ್ತ ಇಷ್ಟುದ್ದ ಓದಿದೆ, ಕಣ್ಣಾಗ ನೀರ ಬರಲಿಲ್ಲ. ಇಂವ ಎಲ್ಲೂ ಹೋಗೂದಿಲ್ಲ. ಸ್ಕ್ರೀನೂ ಕರೀದ ಇರ್ಲಿ."

ನನಗ ಅಳು ತಡಿಲಿಲ್ಲ. ಆಯಿ ಕಾಲ ಮುಟ್ಟಾಕ ಬಗ್ಗಿದೆ.

"ಕಾಲ ಬಿಡು. ಮೊದಲ ಈ ಕಾಗದದಾಗ ಒಂದ ತಪ್ಪೈತಿ, ಅದನ್ನ ತಿದ್ದು."

"ತಗದ ಹಾಕತೇನ್ರಿ ಆಯಿ! ಸಿಟ್ಟಿನವರು ಅನ್ನೂದ ಪೂರಾ ತಗದ ಹಾಕತೇನಿ!"

"ಅದು ಇರ್ಲಿ, ಅದು ಖರೆ ಐತಿ" ಅಂದ್ರು ಆಯಿ. "ನನಗ ಎಪ್ಪತ್ತೆಂಟು."