ಡಾಕ್ಟರ ಕಾರಿಗೆ ಹೊಸ ಡಿಫರೆನ್ಷಿಯಲ್ ಹಾಕಿದ್ದು

ಗ್ಯಾರೇಜು ಇಟ್ಟವನ ಹತ್ತಿರ ಕೆಟ್ಟ ಗಾಡಿ ಒಂದೇ ಬರುವುದಿಲ್ಲ. ಗಾಡಿಯ ಹಿಂದೆ ಅದರ ಯಜಮಾನ ಬರುತ್ತಾನೆ, ಯಜಮಾನನ ಹಿಂದೆ ಸಲಹೆ ಕೊಡುವವರು ಬರುತ್ತಾರೆ, ಅವರ ಹಿಂದೆ ಸುಮ್ಮನೆ ನಿಂತು ನೋಡುವವರು ಬರುತ್ತಾರೆ. ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನ ಹಿಂದೆ ನಾನು ಗ್ಯಾರೇಜು ನಡೆಸಿದ ಅಷ್ಟೂ ವರ್ಷ ನಗು ಹುಡುಕಿಕೊಂಡು ಎಲ್ಲಿಗೂ ಹೋಗಬೇಕಾಗಿ ಬರಲಿಲ್ಲ. ಅದೇ ತಳ್ಳಿಸಿಕೊಂಡು ನನ್ನ ಬಾಗಿಲಿಗೆ ಬರುತ್ತಿತ್ತು. ಅರವತ್ತರ ದಶಕದ ಒಂದೇ ಒಂದು ಗಾಡಿಯ ಸಂಗತಿಗಳನ್ನು ಇಲ್ಲಿ ಹೇಳುತ್ತೇನೆ. ನಗಿಸಿದಷ್ಟೇ ನನ್ನ ನಿದ್ದೆಯನ್ನೂ ಕೆಡಿಸಿದ ಗಾಡಿ ಅದು.

೧. ತಗ್ಗಿನ ಗಾಡಿ

ನಮ್ಮೂರಿನಲ್ಲಿ ಒಬ್ಬ ಡಾಕ್ಟರಿದ್ದರು. ಬಡಕಲು ಮೈ, ಮೂಗಿನ ತುದಿಯಲ್ಲಿ ಕೋಪ, ಕೈ ಮಾತ್ರ ಬಲು ಮೃದು. ಪ್ರತಿ ಗುರುವಾರ ಹನೂರು, ಅಜ್ಜೀಪುರ ದಾಟಿ ರಾಮಾಪುರದವರೆಗೆ ಹೋಗಿ ರೋಗಿಗಳನ್ನು ನೋಡಿ ಬರುವುದು ಅವರ ಪದ್ಧತಿ. ಮೊದಲು ಬಸ್ಸಿನಲ್ಲಿ ಹೋಗುತ್ತಿದ್ದರು. ಆಮೇಲೆ ಬೆಟ್ಟದ ಕಾಫಿ ತೋಟದ ದೊರೆಯೊಬ್ಬ ತನ್ನ ದೇಶಕ್ಕೆ ಹೊರಟಾಗ, ಹಿಂದೆಂದೋ ತನ್ನ ಜ್ವರ ಬಿಡಿಸಿದ ನೆನಪಿಗೆ ತನ್ನ ಕಾರನ್ನು ಇವರಿಗೆ ಕೊಟ್ಟು ಹೋದ.

ಅದು ಸ್ಪೋರ್ಟ್ಸ್ ಕಾರು. ಕೆಂಪು ಬಣ್ಣ, ಉದ್ದ ಮೂತಿ, ಎರಡೇ ಸೀಟು, ತಲೆಯ ಮೇಲೆ ಬಟ್ಟೆಯ ಮುಚ್ಚಿಗೆ. ನೆಲಕ್ಕೂ ಅದರ ಹೊಟ್ಟೆಗೂ ಒಂದು ಗೇಣು ಸಂದಿದ್ದರೆ ಹೆಚ್ಚು. ಇಂಥದ್ದರಲ್ಲಿ ರಾಮಾಪುರದ ರಸ್ತೆಗೆ ಹೋಗಬಾರದು ಎಂದು ನಾನು ಹೇಳಿದೆ. "ಬಿಟ್ಟಿ ಬಂದ ಎಮ್ಮೆಗೆ ಹಲ್ಲು ಎಣಿಸಬೇಡಿ," ಎಂದು ಡಾಕ್ಟರು ಹೊರಟೇಬಿಟ್ಟರು.

ಹನೂರಿನಲ್ಲಿ ಕಾರು ನಿಂತರೆ ರೋಗಿಗಳು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ನಾಲಿಗೆ ತೋರಿಸಬೇಕಾಗಿತ್ತು. ಒಬ್ಬ ಮುದುಕ ಕಾರಿಗೆ ಮೂರು ಸುತ್ತು ಹಾಕಿ, ಒಳಗೆ ಇಣುಕಿ, ಕೊನೆಗೆ ತನ್ನ ತೀರ್ಪು ಹೇಳಿದ: "ಗಾಡಿ ಚೆಂದಾಗದೆ ಸಾ. ಆದ್ರೆ ದಾರೀಲಿ ನಾಯಿ ಅಡ್ಡ ಬಂದ್ರೆ, ನೀವು ಅದ್ರ ಮಕಾನ ಸರಿಸಮಾನಾಗಿ ನೋಡ್ಬೇಕಾಯ್ತದಲ್ಲಾ!"

೨. ಎರಡು ಎತ್ತಿನ ಲೆಕ್ಕ

ಅಜ್ಜೀಪುರಕ್ಕೂ ರಾಮಾಪುರಕ್ಕೂ ನಡುವೆ ಒಂದು ಹಳ್ಳ, ಹಳ್ಳದ ಈಚೆ ದಡದಲ್ಲಿ ಮೂವತ್ತು ಮನೆಯ ಒಂದು ಸಣ್ಣ ಊರು. ಸೇತುವೆ ಇಲ್ಲ. ಬಸ್ಸು ಹೇಗೋ ದಾಟುತ್ತಿತ್ತು, ಡಾಕ್ಟರ ಕಾರು ಮಾತ್ರ ವಾರವಾರವೂ ಅಲ್ಲೇ ಹೂತುಕೊಳ್ಳುತ್ತಿತ್ತು. ಊರಿನ ಗಂಡಸರು ಪಂಚೆ ಎತ್ತಿಕಟ್ಟಿ ಬರುತ್ತಿದ್ದರು. ಆದರೆ ತಳ್ಳುವುದಕ್ಕೆ ಮೊದಲು ಒಂದು ಪದ್ಧತಿ ಇತ್ತು. ಊರಿನಲ್ಲಿ ಯಾರಿಗೆ ಕೆಮ್ಮು, ಯಾರಿಗೆ ಹೊಟ್ಟೆನೋವು, ಎಲ್ಲರನ್ನೂ ಕರೆತಂದು ಡಾಕ್ಟರ ಮುಂದೆ ನಿಲ್ಲಿಸುವುದು. ಅವರು ಕಾರಿನ ಮೂತಿಯ ಮೇಲೆ ಪೆಟ್ಟಿಗೆ ಬಿಚ್ಚಿಟ್ಟು ನೋಡಿ ಔಷಧಿ ಕೊಡುವುದು. ಆಮೇಲೆ ಐಸಾ ಎಂದು ಹನ್ನೆರಡು ಜನ ತಳ್ಳುವುದು. ಹಣದ ಮಾತು ಅವರೂ ಆಡಲಿಲ್ಲ, ಇವರೂ ಆಡಲಿಲ್ಲ.

ಒಂದು ಮಳೆಗಾಲದಲ್ಲಿ ರಾಮಾಪುರದಿಂದ ಹೆರಿಗೆಗೆ ಕರೆ ಬಂತು. ಗುರುವಾರವಲ್ಲದ ದಿನ, ಜನ ಎಲ್ಲ ಹೊಲದಲ್ಲಿದ್ದರು. ತಳ್ಳುವವರು ಸೇರುವ ಹೊತ್ತಿಗೆ ಎರಡು ಗಂಟೆ ಕಳೆದುಹೋಯಿತು. ತಾಯಿ ಬದುಕಿದಳು, ಮಗು ಉಳಿಯಲಿಲ್ಲ. ಮಾರನೆಯ ಬೆಳಿಗ್ಗೆ ಡಾಕ್ಟರು ಕೆಸರು ಮೆತ್ತಿದ ಪ್ಯಾಂಟಿನಲ್ಲೇ ನನ್ನ ಗ್ಯಾರೇಜಿಗೆ ಬಂದು ಕೂತರು. "ಆ ಹಳ್ಳದಲ್ಲಿ ಇನ್ನೊಂದು ಸಲ ನಿಲ್ಲಬಾರದು. ಏನು ಮಾಡಬೇಕೋ ಹೇಳಿ," ಎಂದರು. ಅವರ ಮುಖ ನೋಡಲು ನನ್ನಿಂದ ಆಗಲಿಲ್ಲ.

ಕಾರಿನ ಹಿಂಬದಿ ಬಿಚ್ಚಿದೆ. ಎರಡು ಹಿಂಚಕ್ರಗಳಿಗೆ ಇಂಜಿನ್ನಿನ ಬಲ ಹಂಚುವ ಡಬ್ಬಿಗೆ ಡಿಫರೆನ್ಷಿಯಲ್ ಅನ್ನುತ್ತಾರೆ. ಸಾಮಾನ್ಯ ಡಬ್ಬಿಯಲ್ಲಿ ಒಂದು ದೋಷ ಉಂಟು. ಒಂದು ಚಕ್ರ ಕೆಸರಿನಲ್ಲಿ ಜಾರಿದರೆ ತಿರುಗಾಟವೆಲ್ಲ ಆ ಜಾರುವ ಚಕ್ರಕ್ಕೇ ಹೋಗುತ್ತದೆ, ಗಟ್ಟಿ ನೆಲದ ಮೇಲಿರುವ ಚಕ್ರ ಸುಮ್ಮನೆ ನಿಂತಿರುತ್ತದೆ. ಕೆಲವು ಸ್ಪೋರ್ಟ್ಸ್ ಕಾರುಗಳಲ್ಲಿ ಇದನ್ನು ತಡೆಯಲು ಒಳಗೆ ಎರಡೂ ಚಕ್ರವನ್ನು ಕಚ್ಚಿ ಹಿಡಿಯುವ ಬಿಲ್ಲೆಗಳಿರುತ್ತವೆ. ಅದಕ್ಕೆ ಲಿಮಿಟೆಡ್ ಸ್ಲಿಪ್ ಎಂದು ಹೆಸರು. ದೊರೆಯ ಕಾರಿನಲ್ಲಿ ಆ ಬಿಲ್ಲೆಗಳು ಸವೆದು ಹಪ್ಪಳವಾಗಿದ್ದವು. ಇನ್ನೂ ಗಟ್ಟಿಯಾದ ಹೊಸ ಮಾದರಿಯೊಂದು ಬಂದಿದೆ ಎಂದು ಕೇಳಿದ್ದೆ. ಹಾಕುವುದೋ ಬೇಡವೋ ಎನ್ನುವುದೇ ಪ್ರಶ್ನೆ.

ಇದನ್ನೆಲ್ಲ ಡಾಕ್ಟರಿಗೆ ಹೇಳುತ್ತಿದ್ದಾಗ, ಪಂಪಿನ ರಿಪೇರಿಗೆ ಬಂದಿದ್ದ ರೈತನೊಬ್ಬ ಪಕ್ಕದಲ್ಲಿ ನಿಂತು ಕೇಳುತ್ತಿದ್ದ. "ಅರ್ಥ ಆಗ್ನಿಲ್ಲ ಕಣ್ರಿ," ಎಂದ. ನಾನು, "ಜೋಡಿ ಎತ್ತಲ್ಲಿ ಒಂದು ಮೈಗಳ್ಳ, ಒಂದು ದುಡಿಯೋದು ಅಂತಿಟ್ಟುಕೋ. ಮೇವನ್ನೆಲ್ಲ ಮೈಗಳ್ಳನಿಗೇ ಹಾಕಿದ ಹಾಗೆ," ಎಂದೆ. ಅವನು ತುಂಬ ಹೊತ್ತು ಆ ಡಬ್ಬಿಯನ್ನೇ ನೋಡಿ ನಿಟ್ಟುಸಿರು ಬಿಟ್ಟ: "ಅಂಗಾರೆ ನಮ್ಮವ್ವನೂ ಇದೇ ಡಿಫ್ರೆನ್ಸಲ್ಲು ಕಣ್ರಿ. ನನ್ ತಮ್ಮ ಕೂತಲ್ಲೇ ತಿಂತಾನೆ, ದುಡಿಯೋ ನನಗೆ ಮಡ್ಕೆ ತಳದ್ದು!"

೩. ಯಳಂದೂರಿನ ತೂಕ

ನನಗೆ ಅನುಮಾನವಿತ್ತು. ಹೊಸ ಡಬ್ಬಿ ಮಂತ್ರವೇನಲ್ಲ. ಒಂದು ಚಕ್ರಕ್ಕಾದರೂ ನೆಲ ಸಿಕ್ಕರೆ ದಾಟಿಸುತ್ತದೆ, ಎರಡೂ ಹೂತರೆ ಅದೂ ಕೈಚೆಲ್ಲುತ್ತದೆ. ಹಾಗಾದರೆ ತರಿಸುವುದು ಸರಿಯೋ ಅಲ್ಲವೋ ಎಂದು ನಾನು ತಲೆ ಕೆರೆದುಕೊಳ್ಳುತ್ತಿರುವಾಗ ಊರಿನ ಬುದ್ಧಿವಂತರೆಲ್ಲ ತಲೆಗೊಂದು ಮಾತು ಹೇಳಿದರು. ಬಸ್ ಡ್ರೈವರೊಬ್ಬ ಚಕ್ರಕ್ಕೆ ಹಗ್ಗ ಸುತ್ತಿ ಎಂದ. ಮತ್ತೊಬ್ಬ ಕಾರು ಮಾರಿ ಕುದುರೆ ತಗೊಳ್ಳಿ ಎಂದ.

ಡಾಕ್ಟರಿಗೆ ಯಳಂದೂರಿನಲ್ಲಿ ಒಬ್ಬ ಗೆಳೆಯರಿದ್ದರು. ಎಲ್ಲರೂ ಗೌಡರು ಎಂದೇ ಕರೆಯುತ್ತಿದ್ದ, ಗದ್ದೆ ತೋಟ ಇದ್ದ ದೊಡ್ಡ ಜಮೀನುದಾರರು, ಹಣೆಯ ತುಂಬ ವಿಭೂತಿ, ಮೈಯೂ ಮನಸ್ಸೂ ಧಾರಾಳ. ಅವರು ಡಿಫರೆನ್ಷಿಯಲ್ ಎಂಬ ಮಾತನ್ನೇ ಒಪ್ಪಲಿಲ್ಲ. "ಒಳಗಿನ ಬಿಲ್ಲೆ ಗಿಲ್ಲೆ ಎಲ್ಲಾ ಮೆಕ್ಯಾನಿಕ್‌ಗಳ ಮಾತು. ಗಾಡಿ ಹಿಂದೆ ತೂಕ ಇಲ್ಲ, ಅದಕ್ಕೇ ಜಾರ್ತದೆ. ತೂಕ ನಾನು ಕೊಡ್ತೀನಿ," ಎಂದು, ತಮ್ಮ ಗದ್ದೆಯ ದಾರಿಗೇ ಕಾರು ತರಿಸಿದರು.

ಕೆಸರಿನಲ್ಲಿ ಕಾರನ್ನು ಬೇಕೆಂದೇ ಇಳಿಸಿದೆವು. ಅದು ಹೂತಿತು. ಗೌಡರು ಶಲ್ಯವನ್ನು ಸೊಂಟಕ್ಕೆ ಬಿಗಿದು, ಹಿಂದಿನ ಡಿಕ್ಕಿಯ ಮೇಲೆ ಹತ್ತಿ ಕೂತು, "ಹ್ಞೂಂ, ಬಿಡಿ!" ಎಂದರು. ಡಾಕ್ಟರು ಆಕ್ಸಿಲರೇಟರ್ ಒತ್ತಿದರು. ಹೇಳಿದ್ದು ಸುಳ್ಳಲ್ಲ. ಅವರ ತೂಕಕ್ಕೆ ಚಕ್ರ ಕಚ್ಚಿತು, ಕಾರು ಒಂದೇ ನೆಗೆತಕ್ಕೆ ಗಟ್ಟಿ ನೆಲಕ್ಕೆ ಹಾರಿತು. ಗೌಡರು ಮಾತ್ರ ಹಾರಲಿಲ್ಲ. ಕಾರಿದ್ದ ಜಾಗದಲ್ಲೇ, ಕೆಸರಿನಲ್ಲಿ, ಕೂತ ಭಂಗಿಯಲ್ಲೇ ಕೂತಿದ್ದರು. ನಾವು ಗಾಬರಿಯಿಂದ ಓಡಿದೆವು. ಎದೆಯ ತನಕ ಕೆಸರು, ಮುಖದಲ್ಲಿ ಗೆದ್ದವರ ನಗು: "ನಾ ಹೇಳ್ಲಿಲ್ವಾ? ಗಾಡಿ ಬಂತಾ ಇಲ್ವಾ, ಅದನ್ನ ಮೊದಲು ಹೇಳಿ!"

೪. ಗುರುವಾರದ ನೀರು

ಕೊನೆಗೆ ಹೊಸ ಡಬ್ಬಿ ತರಿಸುವುದೆಂದೇ ಆಯಿತು. "ಒಂದು ಚಕ್ರಕ್ಕೆ ನೆಲ ಸಿಕ್ಕರೆ ದಾಟುತ್ತೆ ತಾನೆ? ಅಷ್ಟು ಸಾಕು," ಎಂದರು ಡಾಕ್ಟರು. ಕೊಳ್ಳೇಗಾಲ ಕೊಯಮತ್ತೂರು ಜಿಲ್ಲೆ ಬಿಟ್ಟು ಮೈಸೂರಿಗೆ ಸೇರಿ ವರ್ಷಗಳಾಗಿದ್ದರೂ ಬಿಡಿಭಾಗಕ್ಕೆ ನಾವು ಇನ್ನೂ ಅತ್ತ ಕಡೆಗೇ ನೋಡುತ್ತಿದ್ದ ಕಾಲ. ನಾಲ್ಕು ತಿಂಗಳು ಕಾದ ಮೇಲೆ ಮರದ ಪೆಟ್ಟಿಗೆಯಲ್ಲಿ ಹುಲ್ಲು ಸುತ್ತಿಕೊಂಡು ಬಂತು.

ಅದು ಬಂದ ಮೂರನೆಯ ದಿನಕ್ಕೆ ಆ ಹಳ್ಳದ ಊರಿನಿಂದ ಮೂವರು ಬಸ್ಸು ಹತ್ತಿ ಬಂದರು. ಮುಂದಾಳು ಒಬ್ಬ ನಡುವಯಸ್ಸಿನ ರೈತ, ಕೈಯಲ್ಲಿ ಒಂದು ಬೂದುಗುಂಬಳಕಾಯಿ. ಅದನ್ನು ನನ್ನ ಬೆಂಚಿನ ಮೇಲಿಟ್ಟು ಕೈಮುಗಿದ.

"ಸಾ, ಅದೇನೋ ಒಸ ಡಬ್ಬಿ ಬಂದದಂತೆ. ದಯಮಾಡಿ ಅದ ಆಕ್ಬೇಡಿ."

"ಯಾಕಪ್ಪ?"

"ಡಾಕ್ಟ್ರು ಅನೂರಲ್ಲಿ ನಿಲ್ತಾರೆ, ಅಜ್ಜೀಪುರದಲ್ಲಿ ನಿಲ್ತಾರೆ, ರಾಮಾಪುರದಲ್ಲಿ ನಿಲ್ತಾರೆ. ನಮ್ಮೂರಲ್ಲಿ ಸಿಕ್ಕಾಕಂಡ್ರೆ ಮಾತ್ರ ನಿಲ್ತಾರೆ. ಗಾಡಿ ದಾಟ್ಬುಟ್ರೆ ನಮಗೆ ಡಾಕ್ಟ್ರು ಎಲ್ಲವ್ರೆ ಸಾ?"

ಪಕ್ಕದವನು ಬಾಯಿ ತಡೆಯಲಾರದೆ ಸೇರಿಸಿದ: "ಬ್ಯಾಸಗೇಲಿ ಅಳ್ಳ ಒಣಗ್ತದೆ ಅಂತ ಪ್ರತಿ ಬುಧವಾರ ಸಂಜೆ ನಾವೇ ಕಾಲ್ವೆ ಒಡ್ದು ನೀರು ಬುಡ್ತಿದ್ವಿ." ಮುಂದಾಳು ಅವನ ಕಾಲು ತುಳಿದ. ತಡವಾಗಿ ತುಳಿದ.

ನನಗೆ ನಗು ಉಕ್ಕಿತು, ಜೊತೆಗೇ ಕೋಪವೂ ಬಂತು. ರಾಮಾಪುರದ ಆ ಹೆರಿಗೆಯ ಸಂಗತಿ ಹೇಳಿದೆ. "ಅವತ್ತು ನೀರು ಬುಟ್ಟಿರ್ನಿಲ್ಲ ಸಾ, ಮಳೆ ನೀರು ಅದು," ಎಂದ ಮುಂದಾಳು. ಬೆಂಚಿನ ಮೇಲಿನ ಕುಂಬಳಕಾಯಿಯನ್ನು ನನ್ನ ಕಡೆಗೆ ಸರಿಸಿ, "ಆದ್ರೂ ಮಗ ಓಯ್ತಲ್ಲಾ. ಆಕಿ ಸಾ, ಡಬ್ಬಿ ಆಕಿ," ಎಂದು ಹೊರಟ. ಅವನು ಹಾಗೆ ಒಪ್ಪಿದ್ದೇ ನನ್ನನ್ನು ಹೆಚ್ಚು ಕಾಡಿತು. ಬೈದು ಜಗಳವಾಡಿದ್ದರೆ ಸುಲಭವಾಗುತ್ತಿತ್ತು.

ಬಾಗಿಲ ತನಕ ಹೋದವನು ತಿರುಗಿ ಬಂದು ನನ್ನ ಕಿವಿಯ ಹತ್ತಿರ ಬಾಗಿದ: "ಆಕದು ಆಕಿ ಸಾ, ಒಂಚೂರು ಲೂಜಾಗಿ ಆಕಿ."

೫. ಹಳೇ ಕೆಮ್ಮು

ಬಿಗಿಯಾಗಿಯೇ ಹಾಕಿದೆ. ಆದರೆ ಮೂವರು ಬಂದು ಹೋದದ್ದನ್ನು ಡಾಕ್ಟರಿಗೆ ಮುಚ್ಚಿಡಲಿಲ್ಲ. ಕಾಲುವೆ ಒಡೆದ ಮಾತಿಗೆ ಅವರು ಬೈಯುತ್ತಾರೆ ಅಂದುಕೊಂಡಿದ್ದೆ. ಬೈಯಲಿಲ್ಲ. "ಇಷ್ಟು ವರ್ಷ ಆ ಊರಿನ ಮೇಲೆ ಹಾದು ಹೋಗಿದ್ದೀನಿ. ನಾನಾಗಿ ಒಂದು ಸಲವೂ ನಿಲ್ಲಿಸಲಿಲ್ಲವಲ್ಲ, ನನಗೆ ನಾಚಿಕೆ ಆಗ್ತಿದೆ," ಎಂದರು. ನಿಜ ಹೇಳಬೇಕೆಂದರೆ ನನಗೂ ನಾಚಿಕೆಯಾಯಿತು. ಗಾಡಿ ಯಾಕೆ ನಿಲ್ಲುತ್ತದೆ ಎಂದು ನಾಲ್ಕು ತಿಂಗಳು ತಲೆ ಕೆಡಿಸಿಕೊಂಡವನು, ಅದು ನಿಂತಾಗ ಯಾರಿಗೆ ಏನು ಸಿಗುತ್ತದೆ ಎಂದು ಒಂದು ಗಳಿಗೆಯೂ ಯೋಚಿಸಿರಲಿಲ್ಲ.

ಹದಿನೈದು ದಿನಕ್ಕೆ ಮಳೆ ಹಿಡಿಯಿತು. ಒಂದು ಬೆಳಿಗ್ಗೆ ಬಸ್ಸಿನ ಕಂಡಕ್ಟರು ಸುದ್ದಿ ತಂದ. ರಾಮಾಪುರದಲ್ಲಿ ಮತ್ತೊಂದು ಹೆರಿಗೆ, ಕಷ್ಟವಾಗಿದೆ. ಹೊಸ ಡಬ್ಬಿಯ ಮೇಲೆ ನನಗಿನ್ನೂ ನಂಬಿಕೆ ಇರಲಿಲ್ಲ, ಸ್ಪ್ಯಾನರ್ ಚೀಲ ಹಿಡಿದು ಪಕ್ಕದ ಸೀಟಿನಲ್ಲಿ ಕೂತೆ.

ಕಂಡಕ್ಟರಿಂದಲೇ ಸುದ್ದಿ ತಿಳಿದು, ಹಳ್ಳದ ದಡದಲ್ಲಿ ಆ ಹನ್ನೆರಡು ಜನ ಪಂಚೆ ಎತ್ತಿಕಟ್ಟಿ ನಿಂತಿದ್ದರು. ಕಾರು ಇಳಿಯಿತು. ಎಡಚಕ್ರ ಕೆಸರಿಗೆ ಬಿದ್ದು ಕಿರುಚಿತು, ನಾನು ಸ್ಪ್ಯಾನರ್ ಚೀಲಕ್ಕೆ ಕೈ ಹಾಕಿದೆ. ಮರುಕ್ಷಣ ಬಿಲ್ಲೆ ಕಚ್ಚಿತು, ಬಲಚಕ್ರ ಕಲ್ಲಿನ ಮೇಲೆ ಹಿಡಿತ ತಗೊಂಡಿತು, ನಾವು ಆಚೆ ದಡದಲ್ಲಿದ್ದೆವು. ಹಿಂದಿರುಗಿ ನೋಡಿದರೆ ಅವರು ಹಾಗೇ ನಿಂತಿದ್ದರು. "ಬರುವಾಗ ನಿಲ್ತೀನಿ!" ಎಂದು ಡಾಕ್ಟರು ಕೂಗಿದರು. ಯಾರೂ ನಂಬಿದ ಹಾಗೆ ಕಾಣಲಿಲ್ಲ.

ರಾಮಾಪುರದಲ್ಲಿ ಮಧ್ಯಾಹ್ನದ ಹೊತ್ತಿಗೆ ಹೆಣ್ಣು ಮಗು ಹುಟ್ಟಿತು. ತಾಯಿಯೂ ಕ್ಷೇಮ. ಜಗಲಿಯ ಮೇಲೆ ಕೂತಿದ್ದ ನನಗೆ ಆ ಅಳು ಕೇಳಿ ಕಣ್ಣು ತುಂಬಿತು. ಡಾಕ್ಟರು ಕೈ ಒರೆಸಿಕೊಳ್ಳುತ್ತಾ ಬಂದು, "ಅರ್ಧ ಗಂಟೆ ತಡವಾಗಿದ್ದರೂ ಕಷ್ಟವಿತ್ತು," ಎಂದರು. ನನ್ನ ವೃತ್ತಿಯ ಬಗ್ಗೆ ಅಷ್ಟು ಹೆಮ್ಮೆ ಮತ್ತೆಂದೂ ಆಗಲಿಲ್ಲ.

ಬರುವಾಗ ಹಳ್ಳವನ್ನು ಸಲೀಸಾಗಿ ದಾಟಿ, ಅಷ್ಟರಲ್ಲಿ ಬಿಸಿಲಿಗೆ ಒಣಗಿದ್ದ ಊರ ಮುಂದಿನ ರಸ್ತೆಯಲ್ಲಿ ಡಾಕ್ಟರು ಕಾರು ನಿಲ್ಲಿಸಿ ತಾವೇ ಇಳಿದರು. ಮೊದಲು ಮಕ್ಕಳು ಬಂದರು, ಆಮೇಲೆ ಊರೇ ಬಂತು. ಒಂದು ಗಂಟೆ ನೋಡಿ ಎಲ್ಲರಿಗೂ ಔಷಧಿ ಕೊಟ್ಟರು. ಹೊರಡೋಣವೆಂದು ತಿರುಗಿದರೆ, ಕೊಟ್ಟ ಸೀಸೆಗಳೆಲ್ಲ ಕಾರಿನ ಮಡ್ಗಾರ್ಡಿನ ಮೇಲೆ ಸಾಲಾಗಿ ವಾಪಸ್ಸು ಬಂದು ಕೂತಿದ್ದವು.

"ಏನ್ರೋ ಇದು?" ಎಂದು ಡಾಕ್ಟರು ರೇಗಿದರು.

ಆ ಮುಂದಾಳು ರೈತ ತಲೆ ಕೆರೆದುಕೊಂಡ. "ಬಿಟ್ಟಿ ಔಸ್ತಿ ಮೈಗೆ ಅತ್ತಲ್ಲ ಸಾ. ಇಷ್ಟು ದಿನ ಗಾಡಿ ತಳ್ತಿದ್ವಿ, ಅದಕ್ಕೆ ಇದು ಸರಿಓಯ್ತಿತ್ತು. ಇವತ್ತು ನಾವೇನೂ ಮಾಡ್ನಿಲ್ಲ. ಎಂಗೆ ಕುಡಿಯಾದು?"

ಡಾಕ್ಟರು ವಾದಿಸಿದರು, ಗದರಿದರು, ವಿಜ್ಞಾನ ಹೇಳಿದರು. ಒಬ್ಬರೂ ಸೀಸೆ ಮುಟ್ಟಲಿಲ್ಲ. ಆಮೇಲೆ ಡಾಕ್ಟರು ಒಳಗೆ ಕೂತು, ಇಂಜಿನ್ ಚಾಲೂ ಮಾಡದೆ, ಗೇರು ನ್ಯೂಟ್ರಲ್ಲಿಗೆ ತಂದು, ಸ್ಟೀರಿಂಗ್ ಹಿಡಿದು, "ತಳ್ಳಿ," ಎಂದರು.

ಊರಿಗೆ ಊರೇ ಖುಷಿಯಿಂದ ಮುಗಿಬಿತ್ತು. ಹೊಸ ಡಿಫರೆನ್ಷಿಯಲ್ ಹಾಕಿದ ಕಾರು, ಒಂದು ತೊಟ್ಟು ಕೆಸರಿಲ್ಲದ ಒಣ ರಸ್ತೆಯಲ್ಲಿ, ಹನ್ನೆರಡು ಜನರ ಐಸಾದ ಮೇಲೆ ಅಜ್ಜೀಪುರದ ಕಡೆ ಹೊರಟಿತು. ತಳ್ಳಿದವರು ಒಬ್ಬೊಬ್ಬರಾಗಿ ತಂತಮ್ಮ ಸೀಸೆ ತೆಗೆದುಕೊಂಡು ಹಿಂದೆ ಉಳಿದರು. ಕೊನೆಗೆ ಒಬ್ಬಳು ಮುದುಕಿ ಮಾತ್ರ ಮಡ್ಗಾರ್ಡಿನ ಮೇಲೆ ಒಂದು ಕೈ ಇಟ್ಟುಕೊಂಡು, ಏದುಸಿರು ಬಿಡುತ್ತಾ ಜೊತೆಗೇ ನಡೆಯುತ್ತಿದ್ದಳು. ಅವಳಿಗಾಗಿ ಒಬ್ಬಿಬ್ಬರು ಇನ್ನೂ ತಳ್ಳುತ್ತಿದ್ದರು.

"ಸಾಕು ಬಿಡಜ್ಜಿ, ನಿನ್ನ ಪಾಲಿಂದು ಮುಗೀತು," ಎಂದರು ಡಾಕ್ಟರು.

ಮುದುಕಿ ಕೈ ತೆಗೆಯಲಿಲ್ಲ. "ಇನ್ನೊಂಚೂರು ಓಗ್ಲಿ ಸಾ," ಎಂದಳು. "ನಂದು ಅಳೇ ಕೆಮ್ಮು."